ಹತ್ತು ತಿಂಗಳ ಕೂಸು, ಮೇ ತಿಂಗಳ ಬಿಸಿಲು, ಬಾದಾಮಿಯ ದಾರಿ

ಓದುಗರ ಪ್ರಶ್ನೆ, ಅಕ್ಕಾರ ಉತ್ತರ

(ಉತ್ತರ ಬರೆಯುವ ಅಕ್ಕಾರು ಮಕ್ಕಳ ವಾರ್ಡಿನಲ್ಲಿ 31 ವರ್ಷ ನರ್ಸ್ ಆಗಿದ್ದವರು. ಈಗ ಬಾಗಲಕೋಟೆಯ ನವನಗರದಲ್ಲಿ ಇದ್ದಾರೆ.)

ಪ್ರಶ್ನೆ: ಅಕ್ಕಾರೆ, ನಾವು ಬೆಳಗಾವಿಯವರು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹತ್ತು ತಿಂಗಳು. ಮೇ ತಿಂಗಳಲ್ಲಿ ನಮ್ಮ ಮನೆಯವರಿಗೆ ಐದು ದಿನ ರಜೆ ಸಿಕ್ಕಿದೆ. ಮಕ್ಕಳಾದ ಮೇಲೆ ನಾವು ನಾಲ್ಕೇ ಮಂದಿ ಎಲ್ಲೂ ಹೋಗಿಲ್ಲ. ಕಾರಿನಲ್ಲಿ ಗೋಕಾಕ ಫಾಲ್ಸ್, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ವಿಜಯಪುರ ಎಲ್ಲ ನೋಡಿಕೊಂಡು ಬರುವ ಆಸೆ. ಬಿಸಿಲು ತಪ್ಪಿಸಲು ರಾತ್ರಿ ಗಾಡಿ ಓಡಿಸೋಣ ಅಂತಾರೆ ಇವರು. "ಇಂಥಾ ಬಿಸಲಾಗ ಕೂಸಿನ್ನ ಕಟಗೊಂಡು ಎಲ್ಲಿ ಹೊಂಟೀರಿ?" ಅಂತ ಕೇಳಿದ ಅತ್ತೆ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಮಗಳಿಗೆ ಕಾರಿನಲ್ಲಿ ವಾಂತಿಯಾಗುತ್ತದೆ. ಮಗನನ್ನು ಮುಂದಿನ ಸೀಟಿನಲ್ಲಿ ನನ್ನ ತೊಡೆ ಮೇಲೆ ಕೂರಿಸಿಕೊಂಡರೆ ಸಾಕಲ್ವಾ? ಹೋಗಬಹುದೋ, ಬೇಡವೋ?
– ಒಬ್ಬ ತಾಯಿ, ಬೆಳಗಾವಿ

ಉತ್ತರ: ಹೋಗಿ ಬಾ, ತಂಗಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಾಲ್ಕೇ ಮಂದಿ ಒಂದು ಗಾಡಿಯಲ್ಲಿ ಕೂತು ಹೋಗುವ ಆಸೆ ದೊಡ್ಡದೇನಲ್ಲ, ತಪ್ಪೂ ಅಲ್ಲ.

ಆದರೆ ನಿನ್ನ ಪತ್ರದಲ್ಲಿರುವ ಊರುಗಳನ್ನು ಎಣಿಸಿದೆ. ಏಳು. ಸುತ್ತು ಹಾಕಿ ಬೆಳಗಾವಿ ಮುಟ್ಟುವಷ್ಟರಲ್ಲಿ 500 ಕಿ.ಮೀ. ದಾಟುತ್ತದೆ. ದೊಡ್ಡವರಿಗೆ ಇದು ಏನೂ ಅಲ್ಲ. ಹತ್ತು ತಿಂಗಳ ಕೂಸಿಗೆ ದಿನಕ್ಕೆ ಎರಡು ನಿದ್ದೆ, ಐದಾರು ಸಲ ಹಾಲು, ನಡುವೆ ತೆವಳಾಡಲು ಒಂದಿಷ್ಟು ನೆಲ ಬೇಕು. ಅದನ್ನೆಲ್ಲ ಬಿಟ್ಟು ದಿನವೂ ಹೊಸ ಊರು, ಹೊಸ ಕೋಣೆ ಅಂದರೆ ಎರಡನೇ ದಿನ ರಾತ್ರಿಗೆ ಅದು ಅಳಲು ಶುರು ಮಾಡುತ್ತದೆ. ಆಮೇಲೆ ನೀವು ನೋಡುವುದು ಗುಡಿಯನ್ನಲ್ಲ, ಒಬ್ಬರ ಮುಖ ಒಬ್ಬರು. ಅದಕ್ಕೇ ನಾನು ಪೆನ್ಸಿಲ್ ಹಿಡಿದು ನಿನ್ನ ಪಟ್ಟಿಯಲ್ಲಿ ಐದು ಊರು ಹೊಡೆದು ಹಾಕಿದ್ದೇನೆ. ಬಾದಾಮಿ, ಪಟ್ಟದಕಲ್ಲು ಉಳಿದಿವೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ತಪ್ಪೊಂದನ್ನು ನಿನಗೆ ಹೇಳಬೇಕು.

1996ರ ಮೇ ತಿಂಗಳು. ವಿಜಯಪುರದಲ್ಲಿ ನಾದಿನಿಯ ಮನೆಯ ಕಾರ್ಯ. ನನ್ನ ಮಗಳಿಗೆ ಆಗ ಐದು, ಮಗನಿಗೆ ಒಂದು ವರ್ಷ. ಬಾಡಿಗೆ ಜೀಪು. ಬೆಳಿಗ್ಗೆ ಆರಕ್ಕೆ ಹೊರಡುವ ಮಾತಾಗಿತ್ತು. ಉಪ್ಪಿಟ್ಟು ತಿಂದು ಹೋಗಿ, ಚಹಾ ಕುಡಿದು ಹೋಗಿ ಅಂತ ಹತ್ತೂವರೆ ಆಯಿತು. ಜೀಪಿನಲ್ಲಿ ಒಂಬತ್ತು ಮಂದಿ. ಬೀಳಗಿ ದಾಟುವ ತನಕ ಮಗ ಅತ್ತ, ಆಮೇಲೆ ಸುಮ್ಮನಾದ. "ಮಲಗಿತು ಬಿಡು ಕೂಸು" ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಕೊಲ್ಹಾರದಲ್ಲಿ ಮೊಸರು ಕೊಳ್ಳಲು ಗಾಡಿ ನಿಂತಿತು. ಗಡಿಗೆ ಮುಂದಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ನನ್ನ ಮಡಿಲು ನೋಡಿ, "ಯವ್ವಾ, ಕೂಸಿನ ತುಟಿ ನೋಡ" ಅಂದಳು. ತುಟಿ ಒಣಗಿ ಬಿಳುಪಾಗಿತ್ತು. ನೆತ್ತಿಯ ಮೆತ್ತನೆ ಜಾಗ ಗುಳಿ ಬಿದ್ದಿತ್ತು. ಲಂಗೋಟಿ ಮುಟ್ಟಿದೆ, ಒಣಗಿತ್ತು. ಬೆಳಿಗ್ಗೆಯಿಂದ ಉಚ್ಚೆಯೇ ಆಗಿರಲಿಲ್ಲ. ವಾರ್ಡಿನಲ್ಲಿ ದಿನಕ್ಕೆ ಹತ್ತು ತಾಯಂದಿರಿಗೆ ಇದನ್ನೇ ಹೇಳುತ್ತಿದ್ದವಳು ನಾನು. ನನ್ನ ಮಡಿಲಲ್ಲೇ ಇದ್ದ ಕೂಸಿನ ಮೇಲೆ ಎರಡು ತಾಸು ನನಗೆ ಗಮನ ಇರಲಿಲ್ಲ. ಆ ಅಜ್ಜಿ ತನ್ನ ಗುಡಿಸಲಿನ ನೆರಳಿಗೆ ಕರೆದೊಯ್ದು ಹಸಿ ಬಟ್ಟೆಯಿಂದ ಕೂಸಿನ ಮೈ ಒರೆಸಿದಳು. ನಾನು ಎದೆಹಾಲು ಕೊಟ್ಟೆ, ಚಮಚದಲ್ಲಿ ಒಂದೊಂದೇ ಗುಟುಕು ಓಆರ್‌ಎಸ್ ಕುಡಿಸಿದೆ. ಮೂರು ತಾಸಿನ ಮೇಲೆ ಉಚ್ಚೆ ಮಾಡಿದ. ನನ್ನ ಸೀರೆಯೆಲ್ಲ ಒದ್ದೆಯಾಯಿತು. ಅವತ್ತು ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ಅಳುವ ಕೂಸಿಗೆ ಹೆದರಬೇಡ, ತಂಗಿ. ಬಿಸಿಲಲ್ಲಿ ಅಳು ನಿಲ್ಲಿಸಿದ ಕೂಸನ್ನು ಮುಟ್ಟಿ ನೋಡು. ಆರು ತಾಸಿನಿಂದ ಉಚ್ಚೆ ಇಲ್ಲ, ಬಾಯಿ ಒಣಗಿದೆ, ಅತ್ತರೂ ಕಣ್ಣೀರು ಬರುತ್ತಿಲ್ಲ, ನೆತ್ತಿ ಗುಳಿ ಬಿದ್ದಿದೆ ಅಂದರೆ ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಗೆ ಗಾಡಿ ತಿರುಗಿಸಿ. ಮೈ ಕಾದ ಹಂಚಿನ ಹಾಗೆ ಸುಡುತ್ತಿದ್ದು ಕೂಸು ಎಬ್ಬಿಸಿದರೂ ಕಣ್ಣು ಬಿಡುತ್ತಿಲ್ಲ ಅಂದರೆ 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬರುವ ತನಕ ನೆರಳಲ್ಲಿ ಬಟ್ಟೆ ಬಿಚ್ಚಿ, ನೀರಿನಿಂದ ಮೈ ಒದ್ದೆ ಮಾಡಿ ಗಾಳಿ ಹಾಕುತ್ತಾ ಇರಿ. ಎಚ್ಚರ ಇಲ್ಲದ ಕೂಸಿನ ಬಾಯಿಗೆ ಏನೂ ಹಾಕಬೇಡಿ.

ಈಗ ಪಟ್ಟಿಗೆ ಬರೋಣ. ಗೋಕಾಕ ಫಾಲ್ಸ್ ಮಳೆಗಾಲದ್ದು. ಘಟಪ್ರಭೆ ತುಂಬಿ 52 ಮೀಟರ್ ಮೇಲಿನಿಂದ ಬೀಳುವುದನ್ನು ನೋಡಲು ಜುಲೈ, ಆಗಸ್ಟ್‌ನಲ್ಲಿ ಹೋಗಿ. ನಿಮ್ಮ ಊರಿನಿಂದ ಒಂದೇ ದಿನದ ಕೆಲಸ. ಮೇನಲ್ಲಿ ಅಲ್ಲಿ ಕಾಣುವುದು ಹೆಚ್ಚಾಗಿ ಬಂಡೆ. ವಿಜಯಪುರಕ್ಕೆ ಡಿಸೆಂಬರ್, ಜನವರಿ ಚೆಂದ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋಗಬೇಕಾದರೆ ಮೂಲೆಯ ಗೋಪುರದೊಳಗಿನ ಕಡಿದಾದ ಇಕ್ಕಟ್ಟು ಮೆಟ್ಟಿಲನ್ನು ಏಳು ಅಂತಸ್ತು ಹತ್ತಬೇಕು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಮಗಳು, ಮೇ ತಿಂಗಳ ಬಿಸಿಲು. ಬೇಡ. ಮೇಲೆ ನೂರು ಮಂದಿ ಕೂಗಿದ್ದು ಒಂದಕ್ಕೆ ಏಳಾಗಿ ತಿರುಗಿ ಬಂದಾಗ ಸಣ್ಣ ಕೂಸುಗಳು ಬೆಚ್ಚಿ ಬೀಳುವುದನ್ನೂ ನೋಡಿದ್ದೇನೆ. ಮಗಳು ಆರೇಳು ವರ್ಷದವಳಾದಾಗ ಕರೆದುಕೊಂಡು ಹೋಗು. ತನ್ನ ಹೆಸರನ್ನು ತಾನೇ ಪಿಸುಗುಟ್ಟಿ ಆಚೆ ಬದಿಯಿಂದ ಕೇಳಿಸಿಕೊಳ್ಳುತ್ತಾಳೆ. ಐಹೊಳೆ, ಕೂಡಲಸಂಗಮ, ಆಲಮಟ್ಟಿ ಮೂರೂ ಸೇರಿ ಇನ್ನೊಂದು ಪ್ರವಾಸವಾಗಲಿ. ಚಳಿಗಾಲದಲ್ಲಿ ಬಂದರೆ ಬಾಗಲಕೋಟೆಯಲ್ಲಿ ಉಳಿದುಕೊಂಡೇ ನೋಡಬಹುದು.

ಹಾಗಾದರೆ ಬಾದಾಮಿಯಲ್ಲೇ ನಾಲ್ಕು ರಾತ್ರಿ. ಒಂದೇ ಕೋಣೆ, ಒಂದೇ ಹಾಸಿಗೆ. ಎರಡನೇ ದಿನಕ್ಕೆ ಕೂಸು ಆ ಕೋಣೆಯನ್ನು ತನ್ನ ಮನೆ ಅಂದುಕೊಳ್ಳುತ್ತದೆ. ಎ.ಸಿ. ಇರುವ ಕೋಣೆಯನ್ನೇ ಹಿಡಿಯಿರಿ. ಉಳಿದ ಊರುಗಳು ಕಡಿಮೆಯಾದವಲ್ಲ, ಆ ದುಡ್ಡನ್ನು ಇಲ್ಲಿ ಹಾಕಿ. ಕರೆಂಟು ಹೋದರೆ ಏನು ವ್ಯವಸ್ಥೆ ಅಂತ ಕೋಣೆ ಹಿಡಿಯುವಾಗಲೇ ಕೇಳಿ.

ಬೆಳಗಾವಿಯಿಂದ ಯರಗಟ್ಟಿ, ರಾಮದುರ್ಗದ ಮೇಲೆ ಬಾದಾಮಿ ಸುಮಾರು 150 ಕಿ.ಮೀ. ಬೆಳಿಗ್ಗೆ ಐದಕ್ಕೆ ಮನೆ ಬಿಡಿ. ಮಕ್ಕಳನ್ನು ಎಬ್ಬಿಸಿ ಸ್ನಾನ ಮಾಡಿಸುವುದು ಬೇಡ, ಮಲಗಿದ ಹಾಗೇ ಎತ್ತಿಕೊಂಡು ಬಂದು ಕಾರಿನಲ್ಲಿ ಕೂರಿಸಿ. ಆರಕ್ಕೆ ಬೆಳಕು ಹರಿಯುತ್ತದೆ. ಒಂದು ತಾಸಿಗೊಮ್ಮೆ, ಬಹಳ ಅಂದರೆ ಒಂದೂವರೆ ತಾಸಿಗೊಮ್ಮೆ ನಿಲ್ಲಿಸಿ, ಕೂಸನ್ನು ಸೀಟಿನಿಂದ ಎತ್ತಿ, ಬೆನ್ನು ಒರೆಸಿ, ಹಾಲು ಕೊಡು. ಹಾಗೆ ನಿಂತು ನಿಂತು ಹೋದರೂ ಒಂಬತ್ತೂವರೆಗೆ ಊರು ಮುಟ್ಟುತ್ತೀರಿ. ಅಷ್ಟು ಬೇಗ ಕೋಣೆ ಬಿಟ್ಟುಕೊಡಲು ಆಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಇಲ್ಲ ಅಂದರೆ ಹಿಂದಿನ ದಿನದಿಂದಲೇ ಹಿಡಿದುಬಿಡಿ. ಬಿಸಿಲಲ್ಲಿ ಕೂಸನ್ನು ಎತ್ತಿಕೊಂಡು ಲಾಡ್ಜಿನ ಬಾಗಿಲಲ್ಲಿ ಕಾಯುವುದಕ್ಕಿಂತ ಅದೇ ಅಗ್ಗ.

ರಾತ್ರಿ ಓಡಿಸುವ ಮಾತು ನನಗೆ ಒಪ್ಪಿಗೆ ಇಲ್ಲ. ನಿಮ್ಮ ಮನೆಯವರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಮ್ಮ ಕಡೆ ರಾತ್ರಿ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಬರುತ್ತವೆ. ಕಾಳಿನ ರಾಶಿಯನ್ನು ರಸ್ತೆ ಮೇಲೇ ಹರಡಿ, ಸುತ್ತ ಕಲ್ಲಿಟ್ಟಿರುತ್ತಾರೆ. ಹಗಲೆಲ್ಲ ಕೆಲಸ ಮಾಡಿ ಬಂದ ಮನುಷ್ಯನಿಗೆ ರಾತ್ರಿ ಎರಡು, ಮೂರರ ಹೊತ್ತಿಗೆ ಕಣ್ಣು ಎಳೆಯುತ್ತದೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಅವರನ್ನು ಮಲಗಿಸು. ಸಾಮಾನು ಕಟ್ಟುವ ಕೆಲಸ ಎರಡು ದಿನ ಮೊದಲೇ ಮುಗಿದಿರಲಿ.

ಬಾದಾಮಿಯಲ್ಲಿ ದಿನದ ಲೆಕ್ಕ ಇಷ್ಟೇ. ಬೆಳಿಗ್ಗೆ ಹತ್ತರ ಒಳಗೆ ಒಂದು ಜಾಗ. ಹನ್ನೊಂದರಿಂದ ನಾಲ್ಕೂವರೆ ತನಕ ಕೋಣೆ, ಊಟ, ನಿದ್ದೆ. ಐದರ ಮೇಲೆ ಇನ್ನೊಂದು ಜಾಗ. ಮಧ್ಯಾಹ್ನದ ಹೊತ್ತು ಹಾಳಾಯಿತು ಅಂತ ನಿಮ್ಮವರಿಗೆ ಅನ್ನಿಸಬಹುದು. ಆ ಹೊತ್ತಲ್ಲಿ ಬಾದಾಮಿಯ ಕೆಂಪು ಕಲ್ಲು ಒಲೆಯ ಹಾಗೆ ಕಾಯುತ್ತದೆ, ದೊಡ್ಡವರೂ ನಿಲ್ಲಲಾರರು.

ಗುಹೆಗಳಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ನಾಲ್ಕನ್ನೂ ನೋಡಲೇಬೇಕು ಅಂತ ಹಟ ಬೇಡ. ಮೊದಲನೆಯದರಲ್ಲಿ ನಟರಾಜ ಇದ್ದಾನೆ, ಅವನಿಗೆ 18 ಕೈ. ಮಗಳಿಗೆ ಎಣಿಸಲು ಹೇಳು. ನನ್ನ ಮೊಮ್ಮಗಳು ಮೂರು ಸಲ ಎಣಿಸಿದಳು, ಮೂರು ಸಲವೂ ಬೇರೆ ಲೆಕ್ಕ ಬಂತು, ನಾಲ್ಕನೇ ಸಲ ಸರಿ ಬಂದಾಗ ಅವಳು ಕುಣಿದದ್ದನ್ನು ನೋಡಬೇಕಿತ್ತು. ಶಕ್ತಿ ಉಳಿದಿದ್ದರೆ ಮೂರನೇ ಗುಹೆ. ಅದೇ ದೊಡ್ಡದು, 578ರ ಶಾಸನ ಇರುವುದೂ ಅಲ್ಲೇ. ಇಳಿದು ಬನ್ನಿ. ಸಂಜೆ ಅಗಸ್ತ್ಯ ತೀರ್ಥದ ದಂಡೆ ಮೇಲೆ ಭೂತನಾಥನ ಗುಡಿ ತನಕ ನಡೆಯಬಹುದು. ದಾರಿ ಸಪಾಟು, ಕೂಸನ್ನು ಎತ್ತಿಕೊಳ್ಳಲು ಕಷ್ಟ ಇಲ್ಲ. ನೀರಿನ ಬದಿಗೆ ದೊಡ್ಡವರು ಇರಬೇಕು, ಮಗಳು ಒಳಬದಿಗೆ.

ಮಂಗಗಳ ವಿಷಯ ಹಗುರವಾಗಿ ತಗೋಬೇಡಿ. ಮಗಳ ಕೈಯಲ್ಲಿ ಬಿಸ್ಕಿಟ್ ಇರಬಾರದು, ನಿನ್ನ ಕೈಯಲ್ಲಿ ಸರಬರ ಅನ್ನುವ ಪ್ಲಾಸ್ಟಿಕ್ ಚೀಲ ಇರಬಾರದು. ಹಾಲಿನ ಬಾಟಲಿ ಬ್ಯಾಗಿನ ಒಳಗಿರಲಿ. ಕಚ್ಚಿದರೆ ಅಥವಾ ಪರಚಿದರೆ, ಎಷ್ಟೇ ಸಣ್ಣ ಗಾಯವಾಗಲಿ, ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಬೇಕಾಗುತ್ತದೆ. ಅರಿಶಿನ ಹಚ್ಚಿ ಸುಮ್ನೆ ಕೂರಬೇಡಿ.

ಪಟ್ಟದಕಲ್ಲು ಬಾದಾಮಿಯಿಂದ 22 ಕಿ.ಮೀ. ಬೆಳಿಗ್ಗೆ ಬೇಗ ಹೋಗಿ ಹತ್ತೂವರೆಗೆ ತಿರುಗಿ ಬನ್ನಿ. ಅಲ್ಲಿ ಹುಲ್ಲುಹಾಸು ಇದೆ, ಮಗನನ್ನು ಬಿಟ್ಟರೆ ತೆವಳಾಡುತ್ತಾನೆ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅಂತ ಮಕ್ಕಳಿಗೆ ಹೇಳಿ ಏನು ಪ್ರಯೋಜನ? ಮಗಳಿಗೆ ಇಬ್ಬರು ರಾಣಿಯರ ಕಥೆ ಹೇಳು. ವಿರೂಪಾಕ್ಷನ ಗುಡಿ ಕಟ್ಟಿಸಿದವಳು ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ, ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಇಬ್ಬರೂ ಒಂದೊಂದು ಕಟ್ಟಿಸಿದರು. ಯಾರ ಗುಡಿ ದೊಡ್ಡದು ಅಂತ ಅವಳೇ ನೋಡಿ ಹೇಳಲಿ. ಇನ್ನೊಂದು ಮಾತು. ವಿರೂಪಾಕ್ಷನಿಗೆ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕು. ಕಲ್ಲು ಕಾದಿರುತ್ತದೆ. ಮಗಳಿಗೆ ದಪ್ಪ ಕಾಲುಚೀಲ ಹಾಕಿಸು. ಅಂಗಾಲಿಗೆ ಬೊಬ್ಬೆ ಬಂದ ಮಕ್ಕಳನ್ನು ಪ್ರತಿ ಬೇಸಿಗೆಯಲ್ಲೂ ವಾರ್ಡಿನಲ್ಲಿ ನೋಡಿದ್ದೇನೆ.

ಒಂದು ಸಂಜೆ ಮಹಾಕೂಟಕ್ಕೆ ಹೋಗಿ. ಊಟೆಯ ನೀರಿನ ಹೊಂಡ, ದೊಡ್ಡ ಮರಗಳ ನೆರಳು. ಇನ್ನೊಂದು ಸಂಜೆ ಬನಶಂಕರಿ, ಐದೇ ಕಿ.ಮೀ. ಅಲ್ಲಿ ರೊಟ್ಟಿ, ಪಲ್ಯ, ಮೊಸರು ಬುಟ್ಟಿಯಲ್ಲಿ ತಂದು ಮಾರುವ ಹೆಣ್ಣುಮಕ್ಕಳು ಇರುತ್ತಾರೆ. ನೀನು ಉಣ್ಣು, ಬಹಳ ರುಚಿ. ನಾಲ್ಕು ವರ್ಷದವಳಿಗೂ ರೊಟ್ಟಿ, ಮೊಸರು ಕೊಡಬಹುದು, ಖಾರ ಬೇಡ. ಐದನೇ ದಿನ ಬಂದ ಹಾಗೇ ಬೆಳಿಗ್ಗೆ ಐದಕ್ಕೆ ಹೊರಟು ಮನೆ ಸೇರಿ.

ಈಗ ತೊಡೆಯ ಮಾತು. ಇಲ್ಲ ತಂಗಿ, ಸಾಕಾಗುವುದಿಲ್ಲ. ಮುಂದಿನ ಸೀಟಂತೂ ಬೇಡವೇ ಬೇಡ. ಗಾಡಿ ಗಂಟೆಗೆ 50 ಕಿ.ಮೀ. ಓಟದಲ್ಲಿ ಡಿಕ್ಕಿ ಹೊಡೆದರೆ ಹತ್ತು ಕೆ.ಜಿ.ಯ ಕೂಸು ಮೂರು ಕ್ವಿಂಟಲ್ ಚೀಲದಷ್ಟು ಬಲದಿಂದ ಮುಂದಕ್ಕೆ ಹಾರುತ್ತದೆ. ಮೂರು ಕ್ವಿಂಟಲ್ ಜೋಳವನ್ನು ಯಾವ ತಾಯಿಯ ತೋಳು ಹಿಡಿಯುತ್ತದೆ? ಮುಂದೆ ಏರ್‌ಬ್ಯಾಗ್ ಇದ್ದರೆ ಅದು ಉಬ್ಬಿ ಬಡಿಯುವ ಹೊಡೆತವೇ ಕೂಸಿಗೆ ಸಾವು ತರಬಹುದು. ಹಿಂದಿನ ಸೀಟಿನಲ್ಲಿ ಮಕ್ಕಳ ಕಾರ್ ಸೀಟು ಕಟ್ಟಿಸಿ. ಮಗನ ಮುಖ ಹಿಂದಕ್ಕೆ ಇರಬೇಕು, ಅಂದರೆ ಗಾಡಿ ಹೋಗುವ ದಿಕ್ಕಿಗೆ ಅವನ ಬೆನ್ನು. ಕಡಿಮೆ ಅಂದರೂ ಎರಡು ವರ್ಷ ತುಂಬುವ ತನಕ ಹಾಗೇ ಕೂರಿಸಬೇಕು. ಕೂಸಿನ ತಲೆ ದೊಡ್ಡದು, ಕುತ್ತಿಗೆ ಎಳೆಯದು, ಬ್ರೇಕ್ ಬಿದ್ದಾಗ ಬೆನ್ನಿಗೆ ಸೀಟಿನ ಆಸರೆ ಇದ್ದರೆ ಕುತ್ತಿಗೆ ಉಳಿಯುತ್ತದೆ. ಮಗಳಿಗೆ ಮುಂದಕ್ಕೆ ಮುಖ ಮಾಡಿದ ಸೀಟು, ಭುಜದ ಪಟ್ಟಿ ಇರುವುದು. ನೀನು ಅವರಿಬ್ಬರ ನಡುವೆ ಅಥವಾ ಪಕ್ಕದಲ್ಲಿ. ದುಡ್ಡು ಖರ್ಚಾಗುತ್ತದೆ, ಗೊತ್ತು. ಯಾರಾದರೂ ಹಳೆಯದು ಕೊಟ್ಟರೆ ತಗೋ, ಆದರೆ ಅಪಘಾತ ಕಂಡ ಸೀಟಾಗಿರಬಾರದು.

ಸೀಟಿನ ಬಕಲು ಬಿಸಿಲಿಗೆ ಕಾದು ಚರ್ಮ ಸುಡುತ್ತದೆ. ಗಾಡಿ ನಿಲ್ಲಿಸಿದಾಗ ಮೇಲೆ ಟಾವೆಲ್ ಹೊದಿಸಿಡಿ. ಕೂಸನ್ನು ಕೂರಿಸುವ ಮೊದಲು ನಾಲ್ಕೂ ಬಾಗಿಲು ತೆಗೆದು ಐದು ನಿಮಿಷ ಬಿಸಿಗಾಳಿ ಹೊರಗೆ ಹೋಗಲಿ. ಕಿಟಕಿಗೆ ಪರದೆ ಕಟ್ಟಿ, ಆದರೆ ಕೂಸಿನ ಸೀಟಿನ ಮೇಲೆ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ಆಡುವುದಿಲ್ಲ. ಇನ್ನು "ಎರಡೇ ನಿಮಿಷ, ನೀರಿನ ಬಾಟಲಿ ತಂದುಬಿಡೋಣ" ಅಂತ ಮಲಗಿದ ಕೂಸನ್ನು ಗಾಡಿಯಲ್ಲಿ ಬಿಟ್ಟು ಇಬ್ಬರೂ ಇಳಿಯಬಾರದು. ಮುಚ್ಚಿದ ಗಾಡಿಯೊಳಗೆ ಹತ್ತು ನಿಮಿಷಕ್ಕೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಗಾಜು ಎರಡು ಬೆರಳು ಇಳಿಸಿಟ್ಟರೂ ಫರಕು ಬೀಳುವುದಿಲ್ಲ. ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ಮಗಳ ವಾಂತಿಗೆ ಮೊದಲ ಮದ್ದು ಮೊಬೈಲ್ ಕಸಿದುಕೊಳ್ಳುವುದು. ಕಣ್ಣು ಫೋನಿನ ಮೇಲೆ ನಿಂತಿರುತ್ತದೆ, ಕಿವಿಯೊಳಗೆ ಮೈಯ ಸಮತೋಲ ಕಾಯುವ ಅಂಗ ಮಾತ್ರ "ಗಾಡಿ ಓಡುತ್ತಿದೆ" ಅನ್ನುತ್ತಿರುತ್ತದೆ. ಎರಡರ ಮಾತು ಹೊಂದದೆ ಹೊಟ್ಟೆ ತೊಳಸುತ್ತದೆ. ಮುಂದಿನ ಗಾಜಿನಿಂದ ದೂರದ ಗುಡ್ಡ ಕಾಣುವ ಹಾಗೆ ಅವಳನ್ನು ಕೂರಿಸು. ಕಾರಿನಲ್ಲಿ ತೂಗುಹಾಕಿದ ಸೆಂಟಿನ ಡಬ್ಬಿ ಇದ್ದರೆ ಹೊರಡುವ ಮೊದಲು ತೆಗೆದು ಬಿಸಾಕು, ಅರ್ಧ ವಾಂತಿ ಅದರಿಂದಲೇ. ಹೊರಡುವಾಗ ಪೂರಿ, ಹಾಲು ಬೇಡ. ಒಂದು ಇಡ್ಲಿ ಅಥವಾ ಒಣ ಚುರಮುರಿ ಸಾಕು. ಕೈಗೆ ಒಂದು ಲಿಂಬೆಹಣ್ಣು ಕೊಡು, ಮೂಸುತ್ತಾ ಇರಲಿ. ಮಾತ್ರೆ ಬೇಕೇ ಬೇಕು ಅನಿಸಿದರೆ ಮಕ್ಕಳ ಡಾಕ್ಟರನ್ನು ಕೇಳಿ. ಮೆಡಿಕಲ್ ಅಂಗಡಿಯವನ ಮಾತಿಗೆ ಕೊಡಬೇಡ.

ಊಟದ ಬಗ್ಗೆ ಬಹಳ ಹೇಳುವುದಿಲ್ಲ, ನಿನಗೆ ಗೊತ್ತು. ಮಗನಿಗೆ ಎದೆಹಾಲು ಕೇಳಿದಾಗೆಲ್ಲ, ಜೊತೆಗೆ ಕುದಿಸಿ ಆರಿಸಿದ ನೀರು, ಬಾಳೆಹಣ್ಣು, ಆಗ ಮಾಡಿದ ಬಿಸಿ ಅನ್ನ, ಬೇಳೆಯ ಕಟ್ಟು. ಒಂದು ಸಣ್ಣ ಕುಕ್ಕರ್ ಒಯ್ದರೆ ಭಾರವೇನಲ್ಲ. ದಾರಿಯ ಕಬ್ಬಿನ ಹಾಲು, ಕತ್ತರಿಸಿಟ್ಟ ಕಲ್ಲಂಗಡಿ, ಬರ್ಫ ಹಾಕಿದ್ದು ಮಕ್ಕಳಿಗೆ ಬೇಡ. ಕರದಂಟು ಮನೆಗೆ ಕಟ್ಟಿಸಿಕೊಂಡು ಹೋಗಿ, ಆದರೆ ಇಡೀ ಬಾದಾಮಿ ಬೀಜ, ಗೋಡಂಬಿ, ಶೇಂಗಾ ನಾಲ್ಕೈದು ವರ್ಷದ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಓಡುವ ಗಾಡಿಯಲ್ಲಂತೂ ಕೊಡಲೇಬೇಡ. ಓಆರ್‌ಎಸ್ ಪುಡಿಯ ದೊಡ್ಡ ಪಾಕೀಟು ನಾಲ್ಕು ಇಟ್ಟುಕೋ. ಒಂದು ಪಾಕೀಟಿಗೆ ಒಂದು ಲೀಟರ್ ನೀರು, ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಿಬಿಡು. ಡಬ್ಬಿಯಲ್ಲಿ ತಂಪಾಗಿ ಮಾರುವ ಹಣ್ಣಿನ ರುಚಿಯ ಸಿಹಿ ನೀರು ಇದರ ಬದಲಿಗೆ ನಡೆಯುವುದಿಲ್ಲ.

ಅತ್ತೆಯ ಬಳಿ ಇವತ್ತು ಸಂಜೆ ಹೋಗಿ ಕೂತು ಈ ಪತ್ರ ಓದಿ ಹೇಳು. ಅವರಿಗೆ ಬಿಸಿಲಿನ ಭಯ ಸುಳ್ಳಲ್ಲ, ಅವರು ಕಂಡದ್ದು ಅದನ್ನೇ. ಏಳು ಊರು ಬಿಟ್ಟು ಎರಡೇ ಊರು, ಮಧ್ಯಾಹ್ನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ ಅಂತ ಗೊತ್ತಾದರೆ ಮನಸ್ಸು ಕರಗುತ್ತದೆ. ದಿನಾ ಮಧ್ಯಾಹ್ನ ಕೂಸು ಮಲಗಿದ ಮೇಲೆ ಅವರಿಗೆ ಒಂದು ಫೋನ್ ಮಾಡು.

ಪ್ರಶ್ನೆ: ಅಕ್ಕಾರೆ, ಮಗನಿಗೆ ಮೂರು ವರ್ಷ. ಸಾಲ ಮಾಡಿ ಕಾರ್ ಸೀಟು ತಂದೆ. ಅದರಲ್ಲಿ ಕೂರಿಸಿದರೆ ಊರು ಕೇಳುವ ಹಾಗೆ ಅಳುತ್ತಾನೆ. "ಕೂಸಿನ್ನ ಯಾಕ ಕಟ್ಟಿ ಹಾಕ್ತಿ, ಇಲ್ಲಿ ಕೊಡ" ಅಂತ ನಮ್ಮವ್ವ ತೊಡೆ ಮೇಲೆ ಎತ್ತಿಕೊಳ್ಳುತ್ತಾಳೆ. ಮುಂದಿನ ತಿಂಗಳು ಕುಟುಂಬ ಸಮೇತ ವಿಜಯಪುರದಿಂದ ಶ್ರೀಶೈಲಕ್ಕೆ ಹೊರಟಿದ್ದೇವೆ. ಏನು ಮಾಡಲಿ?
– ಒಬ್ಬ ತಂದೆ, ಇಂಡಿ

ಉತ್ತರ: ತಮ್ಮಾ, ಸಾಲ ಮಾಡಿ ತಂದೆಯಲ್ಲ, ಆ ಒಂದು ಕೆಲಸಕ್ಕೆ ನಿನ್ನ ಬೆನ್ನು ತಟ್ಟಬೇಕು. ಈಗ ಅದನ್ನು ಕಾರಿನಿಂದ ಬಿಚ್ಚಿ ಮನೆಯ ಪಡಸಾಲೆಗೆ ತಂದಿಡು. ಒಂದು ವಾರ ಅಲ್ಲೇ ಇರಲಿ. ಅವನು ಅದರಲ್ಲಿ ಕೂತು ಊಟ ಮಾಡಲಿ, ತನ್ನ ಗೊಂಬೆಯನ್ನು ಕೂರಿಸಿ ಪಟ್ಟಿ ಕಟ್ಟಲಿ, ಬಿಚ್ಚಲಿ. ಆಮೇಲೆ ಕಾರಿಗೆ ಕಟ್ಟಿ ಹಾಲಿನ ಅಂಗಡಿ ತನಕ ಹೋಗಿ ಬನ್ನಿ. ಮರುದಿನ ಬಸ್ ಸ್ಟ್ಯಾಂಡ್ ತನಕ. ಶ್ರೀಶೈಲದ ದಾರಿಯಲ್ಲಿ ಮೊದಲ ಸಲ ಕಟ್ಟಿದರೆ ಯಾವ ಮಗುವೂ ಒಪ್ಪುವುದಿಲ್ಲ.

ಅಳು ಶುರುವಾದಾಗ ನೀನು ಮಾಡಬೇಕಾದದ್ದು ಒಂದೇ. ಗಾಡಿ ಬದಿಗೆ ನಿಲ್ಲಿಸು. ಸಿಟ್ಟು ಮಾಡಬೇಡ, ಹೊಡೆಯಬೇಡ. "ಪಟ್ಟಿ ಕಟ್ಟಿದರೆ ಗಾಡಿ ಓಡುತ್ತದೆ" ಅಂತ ಹೇಳಿ ಸುಮ್ನೆ ಕೂತುಬಿಡು. ಎರಡನೇ ದಿನ ಹತ್ತು ನಿಮಿಷ ಕೂರಬೇಕಾದೀತು, ನಾಲ್ಕನೇ ದಿನ ಎರಡು ನಿಮಿಷ. ಒಂದು ಸಲ ಸೋತು ತೊಡೆಗೆ ಕೊಟ್ಟರೆ ಮತ್ತೆ ಮೊದಲಿನಿಂದ ಶುರು. ಇನ್ನೂ ಒಂದು ಇದೆ, ಮಕ್ಕಳು ನೋಡಿ ಕಲಿಯುತ್ತಾರೆ. ನೀನು ಬೆಲ್ಟ್ ಹಾಕಿದ್ದೀಯಾ? ನಿಮ್ಮವ್ವ ಹಿಂದಿನ ಸೀಟಿನಲ್ಲಿ ಹಾಕಿಕೊಳ್ಳುತ್ತಾಳಾ? ಅವಳಿಗೆ ನೀನೇ ಬಗ್ಗಿ ಬೆಲ್ಟ್ ಹಾಕಿ ಕೊಡು. ಮೊಮ್ಮಗನಿಗೆ "ನೋಡ, ಆಯಿಗೂ ಕಟ್ಟೇನಿ" ಅಂತ ತೋರಿಸು. ಬೈಯುವುದಕ್ಕಿಂತ ಇದು ನಡೆಯುತ್ತದೆ.

ಕಾಯ್ದೆಯೂ ನಿನ್ನ ಕಡೆಗಿದೆ. 2019ರ ತಿದ್ದುಪಡಿಯ ಪ್ರಕಾರ 14 ವರ್ಷದ ಒಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ. ಅವ್ವನಿಗೆ ಬೇಕಾದರೆ ದಂಡದ ಮಾತನ್ನೇ ಹೇಳು. ನನಗೆ ಮಾತ್ರ ದಂಡದ ಚಿಂತೆ ಇಲ್ಲ. ತೊಡೆ ಮೇಲಿದ್ದ ಮಕ್ಕಳನ್ನು ರಾತ್ರಿ ಪಾಳಿಯಲ್ಲಿ ಎತ್ತಿಕೊಂಡು ಬಂದವರ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಪ್ರಶ್ನೆ: ನಾಲ್ಕು ತಿಂಗಳ ಮೊಮ್ಮಗ ಮಗಳ ಜೊತೆ ಕಾರಿನಲ್ಲಿ ಊರಿಗೆ ಬರುತ್ತಿದ್ದಾನೆ. ಬಿಸಿಲು ಬಹಳ. ದಾರಿಯಲ್ಲಿ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸಲು ಹೇಳಿದ್ದೇನೆ. ಸರಿ ಅಲ್ವಾ?
– ಒಬ್ಬ ಅಜ್ಜಿ, ಜಮಖಂಡಿ

ಉತ್ತರ: ಬೇಡ ಅವ್ವಾರೆ. ದಯವಿಟ್ಟು ಇವತ್ತೇ ಮಗಳಿಗೆ ಫೋನ್ ಮಾಡಿ ಬೇಡ ಅನ್ನಿ. ಆರು ತಿಂಗಳ ತನಕ ಎದೆಹಾಲು ಒಂದೇ ಸಾಕು, ಎಂಥ ಬಿಸಿಲಿದ್ದರೂ ನೀರು ಬೇಕಾಗಿಲ್ಲ. ಹಾಲಿನಲ್ಲೇ ನೀರು ಇರುತ್ತದೆ. ನೀರು ಕುಡಿಸಿದರೆ ಹೊಟ್ಟೆ ತುಂಬಿ ಕೂಸು ಹಾಲು ಕಡಿಮೆ ಕುಡಿಯುತ್ತದೆ, ದಾರಿಯ ನೀರಿನಿಂದ ಭೇದಿಯೂ ಶುರುವಾಗಬಹುದು. ಜೇನುತುಪ್ಪ ಒಂದು ವರ್ಷ ತುಂಬುವ ತನಕ ಒಂದು ಹನಿಯೂ ಕೂಡದು. ಅದರಲ್ಲಿರುವ ಒಂದು ರೋಗಾಣು ಎಳೆ ಕೂಸಿನ ಕರುಳಲ್ಲಿ ಬೆಳೆದು ಕೈಕಾಲಿನ ಶಕ್ತಿ ಕಳೆದುಬಿಡುತ್ತದೆ, ಉಸಿರಿಗೂ ತೊಂದರೆ ಮಾಡುತ್ತದೆ.

ನೀರು ಬೇಕಾದದ್ದು ನಿಮ್ಮ ಮಗಳಿಗೆ. ಅವಳ ಕೈಗೆ ಎರಡು ಲೀಟರಿನ ಬಾಟಲಿ ಕೊಟ್ಟು ಕಳಿಸಲು ಹೇಳಿ. ಊರಿಗೆ ಬಂದ ತಕ್ಷಣ ಉಪ್ಪು ಹಾಕಿದ ಒಂದು ತಂಬಿಗೆ ಮಜ್ಜಿಗೆ ನಿಮ್ಮ ಕೈಯಾರೆ ಕುಡಿಸಿ.

ಪ್ರಶ್ನೆ: ಅಕ್ಕಾ, ಇದನ್ನು ಯಾರ ಮುಂದೆ ಕೇಳಬೇಕೋ ತಿಳಿಯದೆ ನಿಮಗೆ ಬರೆದೆ. ಹೊರಗೆ ಹೊರಟರೆ ನಾನು ನೀರು ಕುಡಿಯುವುದಿಲ್ಲ, ದಾರಿಯಲ್ಲಿ ಒಂದಕ್ಕೆ ಹೋಗಲು ಜಾಗ ಸಿಗುವುದಿಲ್ಲ ಅಂತ. ಈಗ ಐದು ವರ್ಷದ ಮಗಳೂ ನನ್ನನ್ನು ನೋಡಿ ಬಾಟಲಿ ಮುಟ್ಟುವುದಿಲ್ಲ. ಗಾಡಿ ನಿಲ್ಲಿಸಲು ಮಾವನವರ ಮುಂದೆ ಹೇಳಲು ಸಂಕೋಚ.
– ಹೆಸರು ಬೇಡ, ರಾಮದುರ್ಗ

ಉತ್ತರ: ಬರೆದದ್ದು ಒಳ್ಳೆಯದಾಯಿತು, ತಂಗಿ. ನಾನೂ ಹದಿನೈದು ವರ್ಷ ಹೀಗೇ ಮಾಡಿದವಳು. ಬೆಳಿಗ್ಗೆ ಬಸ್ ಹತ್ತುವ ಮೊದಲು ನೀರು ಬಿಟ್ಟರೆ ಸಂಜೆ ಮನೆಗೆ ಬಂದ ಮೇಲೇ. ಅದರಿಂದ ಉರಿಮೂತ್ರ ಬಂದು ಎರಡು ಸಲ ಮಲಗಿದ್ದೇನೆ. ಐದು ವರ್ಷದ ಹುಡುಗಿಗೆ ಇದು ಇನ್ನೂ ಬೇಗ ಬರುತ್ತದೆ. ಉಚ್ಚೆ ತಡೆದು ತಡೆದು ರೂಢಿಯಾದರೆ ಕೀವು, ಜ್ವರ, ಮೂತ್ರಪಿಂಡದ ತನಕ ಹೋಗಬಹುದು.

ಹೊರಡುವ ಮೊದಲೇ ಗಂಡನಿಗೆ ಹೇಳು, ಮಾವನಿಗೆ ಹೇಳಬೇಕಾದ್ದು ಅವನು. "ಪ್ರತಿ ಒಂದು ತಾಸಿಗೆ ಗಾಡಿ ನಿಲ್ಲುತ್ತದೆ" ಅಂತ ಮನೆಯಲ್ಲೇ ಎಲ್ಲರಿಗೂ ಹೇಳಿಬಿಟ್ಟರೆ ದಾರಿಯಲ್ಲಿ ನೀನು ಬಾಯಿ ಬಿಟ್ಟು ಕೇಳುವ ಪ್ರಸಂಗವೇ ಬರುವುದಿಲ್ಲ. ದೊಡ್ಡ ರಸ್ತೆಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ. ಎಣ್ಣೆ ಹಾಕಿಸದಿದ್ದರೂ ಅಲ್ಲಿನ ಶೌಚಾಲಯ ಬಳಸಬಹುದು, ಸಂಕೋಚ ಬೇಡ. ಬೀಗ ಹಾಕಿದ್ದರೆ ಕೀಲಿ ಕೇಳು. ಸಾಬೂನು, ಒಂದು ಬಾಟಲಿ ಬೇರೆ ನೀರು ನಿನ್ನ ಬಳಿ ಇರಲಿ.

ಬಂಕು ಸಿಗದ ದಾರಿಗೆ ಒಂದು ಉಪಾಯ. ಮಗಳಿಗೆ ಅಂತ ಸಣ್ಣ ಪ್ಲಾಸ್ಟಿಕ್ ಪಾಟಿ, ಜೊತೆಗೆ ಒಂದು ಹಳೆಯ ದಪ್ಪ ಸೀರೆ ಡಿಕ್ಕಿಯಲ್ಲಿ ಇಟ್ಟುಕೋ. ಹೊಲದ ಬದಿ, ರಸ್ತೆಗೆ ಬೆನ್ನಾಗುವ ಹಾಗೆ ಗಾಡಿ ನಿಲ್ಲಿಸಿ, ಒಂದೇ ಮಗ್ಗುಲಿನ ಎರಡೂ ಬಾಗಿಲು ತೆಗೆದು ನಡುವೆ ಸೀರೆ ಹಾಯಿಸಿ ಕಟ್ಟಿದರೆ ಒಂದು ಕೋಣೆಯಾಗುತ್ತದೆ. ಕೂರುವ ಮೊದಲು ನೆಲಕ್ಕೆ ಕೋಲಿನಿಂದ ನಾಲ್ಕು ಸಲ ಬಡಿ, ಚೇಳು, ಹುಳ ಇದ್ದರೆ ಸರಿದು ಹೋಗುತ್ತವೆ. ಮಗಳ ಮುಂದೆ ನೀನು ಮೊದಲು ಒಂದು ಲೋಟ ನೀರು ಕುಡಿ, ಅವಳೂ ಕುಡಿಯುತ್ತಾಳೆ. ನಾನು ಹಾಗೆ ಕಟ್ಟುತ್ತಿದ್ದ ಇಳಕಲ್ ಸೀರೆ ಈಗ ನನ್ನ ಮಗಳ ಕಾರಿನ ಡಿಕ್ಕಿಯಲ್ಲಿದೆ.